ಲೈಡನ್ನಿನ ಸೊನ್ನೆ

ಲ್ಯಾಬಿನಲ್ಲಿ ಮೀಟರ್ ಸೊನ್ನೆ ತೋರಿಸಿದ್ರೆ ನಾವು ಮೊದಲು ವೈರ್ ಅಲ್ಲಾಡಿಸಿ ನೋಡ್ತೀವಿ. ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ 1911ರಲ್ಲಿ ಬಂದ ಸೊನ್ನೆ ಮಾತ್ರ ನಿಜದ್ದು.

ಕಾಮರ್ಲಿಂಗ್ ಓನ್ಸ್ ಅಲ್ಲಿ ಪ್ರೊಫೆಸರ್ ಆದದ್ದು 1882ರಲ್ಲಿ. ಅನಿಲಗಳನ್ನು ತಣಿಸಿ ದ್ರವ ಮಾಡೋದೇ ಅವರ ಹುಚ್ಚು. ಸ್ಫೋಟವಾದೀತೆಂದು ಊರವರು ಹೆದರಿ, 1895ರಿಂದ ಸುಮಾರು ಮೂರು ವರ್ಷ ಆ ಕೆಲಸ ನಿಂತೇಹೋಯ್ತು! ಅವರು ಬಿಡಲಿಲ್ಲ. ಗಾಜು ಊದುವ, ಉಪಕರಣ ಮಾಡುವ ಹುಡುಗರನ್ನು ಲ್ಯಾಬಿನಲ್ಲೇ ತಯಾರು ಮಾಡಿದರು. 1908ರ ಜುಲೈ 10ರಂದು ಹೀಲಿಯಂ ದ್ರವವಾಯಿತು. ಮೂರು ವರ್ಷದ ನಂತರ, ಅದರಲ್ಲಿ ತಣಿಸಿದ ಪಾದರಸದ ರೆಸಿಸ್ಟೆನ್ಸ್ 4.2 ಕೆಲ್ವಿನ್ ಹತ್ತಿರ ದಿಢೀರನೆ ಮಾಯ. ಅದೇ ಸೂಪರ್‌ಕಂಡಕ್ಟಿವಿಟಿ. 1913ರಲ್ಲಿ ನೊಬೆಲ್ ಬಂತು.

ಮೀಟರ್ ಓದಿದವರು ಗಿಲ್ಸ್ ಹೋಲ್ಸ್ಟ್. ಪೇಪರಿನಲ್ಲಿ ಲೇಖಕರು ಓನ್ಸ್ ಒಬ್ಬರೇ. ಇದೊಂದು ನಮಗೆ ಹಿಡಿಸಲಿಲ್ಲ. ಹೋಲ್ಸ್ಟ್ ಮುಂದೆ ಫಿಲಿಪ್ಸ್ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು.