ಬಾನಿ ಮಗುಚಿದ ಡಾಕ್ಟರು

ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅಂತ ಈಗ ಚಿಕ್ಕ ಮಕ್ಕಳೂ ಹೇಳುತ್ತಾರೆ. ಅದನ್ನು ತೋರಿಸಿಕೊಟ್ಟ ಸರ್ ರೊನಾಲ್ಡ್ ರಾಸ್ ನಮ್ಮ ಬೆಂಗಳೂರಿನ ದಂಡಿನಲ್ಲಿ ಇದ್ದವರು. ಇದು ಎಷ್ಟು ಜನಕ್ಕೆ ಗೊತ್ತು?

ರಾಸ್ 1857ರ ಮೇ 13ರಂದು ಹಿಮಾಲಯದ ಅಲ್ಮೋರದಲ್ಲಿ ಜನಿಸಿದರು. ತಂದೆ ಸೈನ್ಯಾಧಿಕಾರಿ. ಹುಡುಗನಿಗೆ ಕವಿತೆ, ಚಿತ್ರ, ಸಂಗೀತದ ಹುಚ್ಚು. ತಂದೆ ಬಿಡಬೇಕಲ್ಲ! ಲಂಡನ್ನಿನಲ್ಲಿ ಡಾಕ್ಟರಿಕೆ ಓದಿಸಿದರು. 1881ರಲ್ಲಿ ರಾಸ್ ಸರ್ಕಾರಿ ಡಾಕ್ಟರಾಗಿ ಭಾರತಕ್ಕೆ ವಾಪಸು ಬಂದರು.

1883ರಲ್ಲಿ ಬೆಂಗಳೂರಿಗೆ ವರ್ಗವಾಯಿತು. ಬಂಗಲೆ ಚೆನ್ನಾಗಿತ್ತು, ಆದರೆ ವಿಪರೀತ ಸೊಳ್ಳೆ. ಅದರಲ್ಲೂ ಇವರ ಕೋಣೆಯಲ್ಲೇ ಜಾಸ್ತಿ. ಯಾಕಿರಬಹುದು ಅಂತ ಹುಡುಕಿದರೆ, ಕಿಟಕಿಯ ಹೊರಗೆ ಒಂದು ನೀರಿನ ಬಾನಿ, ಅದರ ತುಂಬ ಸೊಳ್ಳೆಯ ಮರಿಹುಳು! ಬಾನಿ ಮಗುಚಿದರು, ಸೊಳ್ಳೆ ಕಡಿಮೆಯಾಯಿತು. ಸುತ್ತಮುತ್ತಲ ಪಾತ್ರೆ, ಹೂದಾನಿಗಳ ನೀರನ್ನೂ ಚೆಲ್ಲಿಸೋಣ ಎಂದು ಅಲ್ಲಿನ ಸೈನ್ಯಾಧಿಕಾರಿಯನ್ನು ಕೇಳಿದರು. ಸೃಷ್ಟಿಯ ಕ್ರಮ ಕೆಡಿಸಬಾರದು ಎಂದು ಆತ ಒಪ್ಪಲಿಲ್ಲವಂತೆ. ಇಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಆಗ ರಾಸ್‌ಗೂ ಸೊಳ್ಳೆ ಬರೀ ಕಾಟ, ಅಷ್ಟೆ. ಚಳಿಜ್ವರ ಜೌಗುನೆಲದ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಜನ ನಂಬಿದ್ದ ಕಾಲ ಅದು. 1894ರಲ್ಲಿ ಲಂಡನ್ನಿನಲ್ಲಿ ಡಾ. ಮ್ಯಾನ್ಸನ್ ಅವರು ಸೊಳ್ಳೆಯ ಮೇಲೆ ಅನುಮಾನ ಹುಟ್ಟಿಸಿದರು.

1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ಬಂದಾಗ ರಾಸ್ ಅವರನ್ನು ಮತ್ತೆ ಇಲ್ಲಿಗೆ ಕಳಿಸಿದರು. ಸೊಳ್ಳೆ ಬಿಟ್ಟು ನೀರು, ಚರಂಡಿ, ಕಸದ ಹಿಂದೆ ಬಿದ್ದರು. ಈಗ ದಂಡಿನ ರಿಚರ್ಡ್ಸ್ ಟೌನಿಗೆ ಹೋದರೆ ಮರ, ಪಾರ್ಕು ನೋಡಿ ಖುಷಿಯಾಗುತ್ತೆ. ಆಗ ಆ ಬಡಾವಣೆಯೇ ಇರಲಿಲ್ಲ. 1898ರಲ್ಲಿ ಪ್ಲೇಗು ಬಂದು ಇಕ್ಕಟ್ಟಿನ ಬೀದಿಗಳಲ್ಲಿ ಜನ ಸತ್ತ ಮೇಲೆ ಅಂಥ ಹೊಸ ಬಡಾವಣೆಗಳು ಎದ್ದವು.

1897ರಲ್ಲಿ ರಾಸ್ ಸಿಕಂದರಾಬಾದಿನಲ್ಲಿದ್ದರು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಗೆ ಸೊಳ್ಳೆ ಕಚ್ಚಿಸಿದರು. ಒಂದು ಸೊಳ್ಳೆ ಕಚ್ಚಿದರೆ ಒಂದಾಣೆ! ಆ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸೆಕೆ ಅಂತ ಪಂಕ ಹಾಕಿಸುವ ಹಾಗಿಲ್ಲ, ಸೊಳ್ಳೆ ಹಾರಿಹೋಗುತ್ತೆ. ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿ ಬೆಳೆಯುತ್ತಿದ್ದುದು ಕಂಡಿತು.

ಒಂದು ಜೀವಿಯೊಳಗೆ ಇನ್ನೊಂದು ಮನೆ ಮಾಡುವುದು ಅಪರೂಪವಲ್ಲ. ಬೆಚ್ಚಗಿನ ಸಮುದ್ರದಲ್ಲಿ ಸ್ಪಂಜು ಎಂಬ ಪ್ರಾಣಿ ಇದೆ. ಕೆಲವು ಸ್ಪಂಜುಗಳ ತೂಕದಲ್ಲಿ ಮೂರನೇ ಒಂದು ಪಾಲು ಒಳಗಿರುವ ಬ್ಯಾಕ್ಟೀರಿಯಾಗಳದ್ದೇ! ಅವುಗಳಲ್ಲಿ ಎಷ್ಟೋ ಸ್ಪಂಜಿಗೆ ಆಹಾರ ಒದಗಿಸುತ್ತವೆ. ಆದರೆ ಮಲೇರಿಯಾ ಜೀವಿ ಬ್ಯಾಕ್ಟೀರಿಯಾ ಅಲ್ಲ, ಬಾಡಿಗೆ ಕೊಡುವ ಜಾತಿಯೂ ಅಲ್ಲ.

ಮರುವರ್ಷ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾ ಸೊಳ್ಳೆಯ ಜೊಲ್ಲಿನ ಗ್ರಂಥಿಯಿಂದ ದಾಟುತ್ತದೆ ಎಂದು ತೋರಿಸಿದರು. 1902ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ ವರ್ಷ ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾ ಊರಿಗೆ ಕರೆಸಿಕೊಂಡರು. ಅಲ್ಲಿ ನಿಂತ ನೀರು ತೆಗೆಸಿದರು, ಮಲೇರಿಯಾ ಇಳಿಯಿತು. ಬೆಂಗಳೂರಿನಲ್ಲಿ ಬೇಡವೆಂದಿದ್ದ ಕೆಲಸವೇ ಅದು! 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.