ಸೆರ್ಗೆಯ್ ವಿನೊಗ್ರಾಡ್‌ಸ್ಕಿ

ಸೆರ್ಗೆಯ್ ನಿಕೊಲಾಯೆವಿಚ್ ವಿನೊಗ್ರಾಡ್‌ಸ್ಕಿ (1856–1953) ಮಣ್ಣಿನ ಸೂಕ್ಷ್ಮಜೀವಿಶಾಸ್ತ್ರದ ಸ್ಥಾಪಕರಲ್ಲಿ ಒಬ್ಬರು. ಬೆಳಕಿನ ನೆರವಿಲ್ಲದೆ, ನಿರವಯವ ವಸ್ತುಗಳ ಉತ್ಕರ್ಷಣದಿಂದ ಶಕ್ತಿ ಪಡೆದು ಬದುಕುವ ಬ್ಯಾಕ್ಟೀರಿಯಾಗಳನ್ನು ಇವರು ಗುರುತಿಸಿದರು. ಮಣ್ಣಿನ ಜೀವಿಗಳು ಇಂಗಾಲವನ್ನು ಎಲ್ಲಿಂದ, ಯಾವ ರೂಪದಲ್ಲಿ ಪಡೆಯುತ್ತವೆ ಎಂಬ ಪ್ರಶ್ನೆ ಇವರ ಸಂಶೋಧನೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಆರಂಭಿಕ ಜೀವನ

ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಕೀವ್ ನಗರದಲ್ಲಿ ಜನಿಸಿದರು. ಕಾನೂನು ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು, ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗೀತ ಶಾಲೆಯಲ್ಲಿ ಕೆಲಕಾಲ ಪಿಯಾನೊ ಅಭ್ಯಾಸ ಮಾಡಿ, ಕೊನೆಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಕೃತಿ ವಿಜ್ಞಾನವನ್ನು ಆರಿಸಿಕೊಂಡರು.

ಗಂಧಕ ಮತ್ತು ಅಮೋನಿಯಾ

1885ರಲ್ಲಿ ಸ್ಟ್ರಾಸ್‌ಬರ್ಗ್‌ಗೆ ತೆರಳಿ, ಶಿಲೀಂಧ್ರ ವಿಜ್ಞಾನಿ ಆಂಟನ್ ಡಿ ಬಾರಿ ಅವರ ಪ್ರಯೋಗಾಲಯವನ್ನು ಸೇರಿದರು. ಗಂಧಕದ ಬುಗ್ಗೆಗಳಲ್ಲಿ ಬೆಳೆಯುವ ಬೆಗ್ಗಿಯಾಟೋವಾ ಎಂಬ ಎಳೆಯಾಕಾರದ ಬ್ಯಾಕ್ಟೀರಿಯಾ ಇಲ್ಲಿ ಅವರ ಅಧ್ಯಯನದ ವಿಷಯವಾಯಿತು. ಹೈಡ್ರೋಜನ್ ಸಲ್ಫೈಡ್ ದೊರೆತಾಗ ಈ ಎಳೆಗಳ ಒಳಗೆ ಗಂಧಕದ ಕಣಗಳು ತುಂಬುತ್ತಿದ್ದವು; ಅದು ಇಲ್ಲವಾದಾಗ ಕಣಗಳು ಕರಗಿ ಸಲ್ಫ್ಯೂರಿಕ್ ಆಮ್ಲವಾಗುತ್ತಿದ್ದವು. ಗಂಧಕವೇ ಇದರ ಶಕ್ತಿಯ ಮೂಲವೆಂದು 1887ರಲ್ಲಿ ಪ್ರಕಟಿಸಿದರು.

ಡಿ ಬಾರಿ ಅವರ ಮರಣಾನಂತರ ಜ್ಯೂರಿಕ್‌ನಲ್ಲಿ ನಡೆಸಿದ ಪ್ರಯೋಗಗಳು ಇನ್ನೂ ಮಹತ್ವದವು. ಮಣ್ಣಿನಲ್ಲಿ ಅಮೋನಿಯಾ ನೈಟ್ರೇಟ್ ಆಗಿ ಮಾರ್ಪಡುವುದು ಜೀವಿಗಳಿಂದಲೇ ಎಂಬುದು ಆಗಲೇ ತಿಳಿದಿತ್ತು. ಆದರೆ ಆ ಜೀವಿಗಳನ್ನು ಜೆಲಾಟಿನ್ ಮಾಧ್ಯಮದಲ್ಲಿ ಬೇರ್ಪಡಿಸುವ ಯತ್ನಗಳು ಸೋಲುತ್ತಿದ್ದವು. ವಿನೊಗ್ರಾಡ್‌ಸ್ಕಿ ಸಾವಯವ ಆಹಾರವನ್ನೇ ತೆಗೆದುಹಾಕಿ, ಅಮೋನಿಯಂ ಲವಣ ಮತ್ತು ಕಾರ್ಬೊನೇಟ್ ಇರುವ ದ್ರಾವಣದಲ್ಲಿ ಅವುಗಳನ್ನು ಬೆಳೆಸಿದರು. ಕತ್ತಲಲ್ಲಿಯೂ ದ್ರಾವಣದಲ್ಲಿ ಸಾವಯವ ಇಂಗಾಲ ಹೆಚ್ಚಿತು. ಹಸಿರು ಸಸ್ಯಗಳು ಬೆಳಕಿನಿಂದ ಮಾಡುವ ಕೆಲಸವನ್ನು ಈ ಜೀವಿಗಳು ಅಮೋನಿಯಾದ ಉತ್ಕರ್ಷಣದಿಂದ ಮಾಡುತ್ತಿದ್ದವು. ಈ ಕ್ರಿಯೆಗೆ ಮುಂದೆ ರಾಸಾಯನಿಕ ಸಂಶ್ಲೇಷಣೆ ಎಂಬ ಹೆಸರು ಬಂದಿತು. ಘನ ಮಾಧ್ಯಮಕ್ಕಾಗಿ ಅವರು ಸಿಲಿಕಾ ಜೆಲ್ ಬಳಸಿದರು.

1891ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಮರಳಿದ ಮೇಲೆ, ಗಾಳಿಯಿಲ್ಲದೆಡೆ ಸಾರಜನಕವನ್ನು ಸ್ಥಿರೀಕರಿಸುವ ಕ್ಲಾಸ್ಟ್ರಿಡಿಯಂ ಪಾಶ್ಚುರಿಯಾನಮ್ ಅನ್ನು ಕಂಡುಹಿಡಿದರು. 20ನೆಯ ಶತಮಾನದ ಆರಂಭದಲ್ಲಿ ಸಂಶೋಧನೆಯಿಂದ ನಿವೃತ್ತರಾಗಿ ಉಕ್ರೇನಿನ ತಮ್ಮ ಜಮೀನಿನಲ್ಲಿ ನೆಲೆಸಿದರು. ಕ್ರಾಂತಿಯು ಆ ನೆಮ್ಮದಿಯನ್ನು ಕಸಿಯಿತು. ದೇಶ ತೊರೆದು ಬೆಲ್‌ಗ್ರೇಡ್ ಸೇರಬೇಕಾಯಿತು.

ಮಣ್ಣಿನ ನೇರ ಅಧ್ಯಯನ

1922ರಲ್ಲಿ ಪಾಸ್ಚರ್ ಸಂಸ್ಥೆಯ ಆಹ್ವಾನದ ಮೇರೆಗೆ, ತಮ್ಮ 66ನೆಯ ವಯಸ್ಸಿನಲ್ಲಿ, ಪ್ಯಾರಿಸ್ ಸಮೀಪದ ಬ್ರೀ-ಕೋಂಟ್-ರೋಬೆರ್‌ನಲ್ಲಿ ಮತ್ತೆ ಪ್ರಯೋಗಕ್ಕಿಳಿದರು. ಪ್ರಯೋಗಾಲಯದ ತಟ್ಟೆಯಲ್ಲಿ ಸಮೃದ್ಧ ಆಹಾರ ಉಂಡು ಬೆಳೆದ ಜೀವಿಯು ಮಣ್ಣಿನಲ್ಲಿ ಹೇಗೆ ಬದುಕುತ್ತದೆ ಎಂಬುದನ್ನು ತಿಳಿಸಲಾರದು ಎಂಬುದು ಅವರ ವಾದವಾಗಿತ್ತು. ಆದ್ದರಿಂದ ಮಣ್ಣನ್ನೇ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಹ್ಯೂಮಸ್‌ನ ಇಂಗಾಲವನ್ನು ನಿಧಾನವಾಗಿ ಬಳಸುತ್ತ ಸಂಖ್ಯೆಯಲ್ಲಿ ಹೆಚ್ಚು ಏರಿಳಿಯದ ಜೀವಿಗಳನ್ನು ಸ್ಥಳೀಯ ವರ್ಗವೆಂದೂ, ಹೊಸ ಸಾವಯವ ವಸ್ತು ಬಿದ್ದಾಗ ಹಠಾತ್ತನೆ ವೃದ್ಧಿಸಿ ಅದು ಮುಗಿದಾಗ ಕುಗ್ಗುವವನ್ನು ಹುದುಗುಕಾರಕ ವರ್ಗವೆಂದೂ ವಿಂಗಡಿಸಿದರು. ಸೆಲ್ಯುಲೋಸನ್ನು ವಿಘಟಿಸುವ ಬ್ಯಾಕ್ಟೀರಿಯಾಗಳನ್ನೂ ಅಭ್ಯಸಿಸಿದರು.

ಈ ವಿಂಗಡಣೆ ಇಂದಿನ ದೃಷ್ಟಿಯಲ್ಲಿ ತೀರ ಸರಳವಾದುದು. ಒಂದೇ ಜೀವಿ ಸಂದರ್ಭಕ್ಕೆ ತಕ್ಕಂತೆ ಎರಡೂ ರೀತಿಯಲ್ಲಿ ವರ್ತಿಸಬಲ್ಲದು. ಮರದ ಲಿಗ್ನಿನ್‌ನಂತಹ ಕಠಿಣ ವಸ್ತುಗಳನ್ನು ಒಡೆಯುವ ಶಿಲೀಂಧ್ರಗಳಿಗೆ, ಡಿ ಬಾರಿ ಅವರ ಶಿಷ್ಯರಾಗಿದ್ದೂ, ಅವರು ಬ್ಯಾಕ್ಟೀರಿಯಾಗಳಿಗೆ ಕೊಟ್ಟಷ್ಟು ಗಮನ ಕೊಡಲಿಲ್ಲ. ಆದರೂ ಆಹಾರದ ಲಭ್ಯತೆಗೆ ಅನುಗುಣವಾಗಿ ಸೂಕ್ಷ್ಮಜೀವಿಗಳನ್ನು ವರ್ಗೀಕರಿಸುವ ಕ್ರಮ ಮುಂದುವರಿದಿದೆ. ಕೆಸರು, ಕಾಗದದ ಚೂರು ಮತ್ತು ಜಿಪ್ಸಮ್ ತುಂಬಿ ಬೆಳಕಿನಲ್ಲಿಡುವ ವಿನೊಗ್ರಾಡ್‌ಸ್ಕಿ ಸ್ತಂಭವನ್ನು ವಿದ್ಯಾರ್ಥಿಗಳು ಈಗಲೂ ತಯಾರಿಸುತ್ತಾರೆ.

ತಮ್ಮ ಸಂಶೋಧನಾ ಬರಹಗಳನ್ನು ಒಟ್ಟುಗೂಡಿಸಿ 1949ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. 1953ರಲ್ಲಿ ಬ್ರೀ-ಕೋಂಟ್-ರೋಬೆರ್‌ನಲ್ಲಿ ನಿಧನರಾದರು.