ನವಕೋಟಿ ನಾರಾಯಣ ದಾಸನಾದದ್ದು

ಶ್ರೀ ಪುರಂದರದಾಸರ (1484–1564) ಮೊದಲ ಹೆಸರು ಶ್ರೀನಿವಾಸ ನಾಯಕ. ಚಿನ್ನ, ರತ್ನದ ವ್ಯಾಪಾರಿ. ನವಕೋಟಿ ನಾರಾಯಣನೆಂದೇ ಖ್ಯಾತಿ. ಆದರೆ ಒಂದು ಕಾಸೂ ಬಿಚ್ಚದ ಜಿಪುಣ.

ಭಗವಂತನೇ ಬಡ ಬ್ರಾಹ್ಮಣನ ವೇಷದಲ್ಲಿ ಬಂದು ಮಗನ ಉಪನಯನಕ್ಕೆ ಸಹಾಯ ಕೇಳಿದನೆಂದು ಪ್ರತೀತಿ. ನಾಯಕರು ಇವತ್ತು ನಾಳೆ ಅಂತ ತಿಂಗಳುಗಟ್ಟಲೆ ಅಲೆಸಿದರು. ಪತ್ನಿ ಸರಸ್ವತಿಬಾಯಿ ಮರುಗಿ, ತವರಿನವರು ಕೊಟ್ಟ ಮೂಗುತಿಯನ್ನೇ ಕೊಟ್ಟುಬಿಟ್ಟರು. ಬ್ರಾಹ್ಮಣ ಅದನ್ನು ನಾಯಕರ ಅಂಗಡಿಗೇ ಮಾರಲು ತಂದ! ಗುರುತು ಹಿಡಿದ ನಾಯಕರು ಅದನ್ನು ಪೆಟ್ಟಿಗೆಯಲ್ಲಿಟ್ಟು, ಮನೆಗೆ ಬಂದು ಮೂಗುತಿ ತೋರಿಸೆಂದು ಗದರಿದರು. ದಿಕ್ಕು ತೋಚದೆ ಆ ತಾಯಿ ವಿಷದ ಬಟ್ಟಲು ಎತ್ತಿದರೆ, ಅದರೊಳಗೇ ಮೂಗುತಿ ಬಿತ್ತು. ಅಂಗಡಿಗೆ ಓಡಿ ನೋಡಿದರೆ ಪೆಟ್ಟಿಗೆ ಖಾಲಿ!

ನಾಯಕರ ಕಣ್ಣು ತೆರೆಯಿತು. ತಾವು ಇಷ್ಟು ವರ್ಷ ಕಾದದ್ದು ಹೊನ್ನನ್ನು, ಹೆಂಡತಿ ಪ್ರಾಣ ಒತ್ತೆಯಿಟ್ಟು ಕಾದದ್ದು ಧರ್ಮವನ್ನು. ಆಸ್ತಿಯನ್ನೆಲ್ಲ ದಾನ ಮಾಡಿ, ಹೆಂಡತಿ ಮಕ್ಕಳೊಡನೆ ವಿಜಯನಗರಕ್ಕೆ ಬಂದು ಶ್ರೀ ವ್ಯಾಸರಾಯರಿಂದ ದಾಸದೀಕ್ಷೆ ಪಡೆದರು. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ. ಮನೆಮನೆ ಮುಂದೆ ಹಾಡಿ ತಂದ ಅಕ್ಕಿಯೇ ಆ ದಿನದ ಊಟ. ನಾಳೆಗೆಂದು ಕೂಡಿಡಲಿಲ್ಲ. ತಿರುಮಲೆಯ ತಿಮ್ಮಪ್ಪನ ಮೇಲೂ ಮನಸಾರೆ ಹಾಡಿದರು. ಸಂಗೀತ ಕಲಿಯುವ ಮಕ್ಕಳು ಇಂದಿಗೂ ಮೊದಲು ಹಾಡುವ ಸರಳೆ, ಅಲಂಕಾರಗಳು ದಾಸರ ಕೊಡುಗೆಯೆಂದೇ ನಂಬಿಕೆ. ಪುಷ್ಯ ಅಮಾವಾಸ್ಯೆ ಅವರ ಪುಣ್ಯದಿನ.

ಬೆಟ್ಟ ಹತ್ತಿ ಬಂದ ಭಕ್ತರು ದಾಸರನ್ನು ನೆನೆದು, ತಾವು ಕಾಯುತ್ತಿರುವುದು ಏನನ್ನು ಎಂದು ಒಮ್ಮೆ ಕೇಳಿಕೊಂಡರೆ ಯಾತ್ರೆ ಸಾರ್ಥಕ.